ನನ್ನ ಕೈ, ಅಣ್ಣನ ಕಾಲು

ಹೋದ ತಿಂಗಳು ಒಂದು ಜೊತೆ ಗಾಲಿ ಒಪ್ಪಿಸಲು ಗಂಜಾಮಿಗೆ ಹೋಗಿದ್ದೆ. ಕೆಲಸ ಮುಗಿಸಿ ಹೊಳೆ ದಂಡೆ ಹಿಡಿದು ಬರುತ್ತಿರುವಾಗ ಯಾರದೋ ಹಿತ್ತಿಲಲ್ಲಿ ಲಕ್ಕಿಸೊಪ್ಪು ಕುದಿಸುತ್ತಿದ್ದರು. ಬಾಣಂತಿಯ ನೀರಿಗೋ, ಯಾರದೋ ಸೊಂಟನೋವಿಗೋ ಗೊತ್ತಿಲ್ಲ. ಆ ಕಟು ವಾಸನೆ ಮೂಗಿಗೆ ಬಡಿಯಿತು. ನಿಲ್ಲಲೂ ಆಗಲಿಲ್ಲ, ಮುಂದಕ್ಕೆ ಹೋಗಲೂ ಆಗಲಿಲ್ಲ. ಎತ್ತಿನವನು ಎರಡು ಸಲ ಕೂಗಿದ ಮೇಲೆ ಗಾಡಿ ಹತ್ತಿದೆ.

ದೊರೆಯ ಪಟ್ಟಣ ಕಂಪನಿಯ ದಂಡಿನ ಕೈಗೆ ಬೀಳುವುದಕ್ಕೆ ಹಿಂದಿನ ವರ್ಷ, ಕಾಳಯುಕ್ತಿ ಸಂವತ್ಸರದಲ್ಲಿ, ಅದೇ ಗಂಜಾಮು ಪೇಟೆಯ ಬಡಗಿಗಳ ಬೀದಿಯಲ್ಲಿ ನಮ್ಮ ಬಾಡಿಗೆ ಮನೆಯಿತ್ತು. ಅಣ್ಣ ಬಸವಾಚಾರಿ, ಅತ್ತಿಗೆ ನಂಜಮ್ಮ, ನಾನು, ಮೂವರೇ. ನಾಗಮಂಗಲ ನಮ್ಮ ಊರು. ಅಣ್ಣ ಗಾಡಿ ಚಕ್ರ ಮಾಡುವುದರಲ್ಲಿ ಎತ್ತಿದ ಕೈ. ಪಟ್ಟಣದಲ್ಲಿ ಗಾಡಿಗೆ ಬೇಡಿಕೆ ಹೆಚ್ಚು ಎಂದು ಮೂರು ವರ್ಷ ಹಿಂದೆ ಬಂದು ನೆಲೆಸಿದ್ದೆವು. ನನಗಾಗ ಇಪ್ಪತ್ತೆರಡು, ಅಣ್ಣ ನನಗಿಂತ ಹತ್ತು ವರ್ಷ ದೊಡ್ಡವನು. ಅವನೇ ನನಗೆ ಕೆಲಸ ಕಲಿಸಿದವನು.

ಶ್ರಾವಣದ ಒಂದು ಬೆಳಿಗ್ಗೆ ಮರ ಆರಿಸಲು ಹೊಳೆ ದಂಡೆಗೆ ಹೋದೆವು. ತೇಲಿ ಬಂದ ದಿಮ್ಮಿಗಳನ್ನು ಅಲ್ಲಿ ಒಂದರ ಮೇಲೊಂದು ಪೇರಿಸಿದ್ದರು. ವಾರದಿಂದ ಮಳೆ ಹಿಡಿದು ನೆಲ ಸಡಿಲವಾಗಿತ್ತು. ಅಣ್ಣ ರಾಶಿಗೆ ಬೆನ್ನು ಹಾಕಿ ಕುಕ್ಕುರುಗಾಲಲ್ಲಿ ಕೂತು ಒಂದು ಮತ್ತಿ ಮರವನ್ನು ನೂಲು ಹಿಡಿದು ಅಳೆಯುತ್ತಿದ್ದ. ನಾನು ನೂಲಿನ ಇನ್ನೊಂದು ತುದಿಯಲ್ಲಿದ್ದೆ. ಕೆಳಗಿನ ಮಣ್ಣು ಕುಸಿಯಿತು, ಮೇಲಿನ ದಿಮ್ಮಿ ಉರುಳಿತು. ಮೊದಲು ಅಣ್ಣನ ಬೆನ್ನಿಗೆ ಬಡಿದು, ಅಲ್ಲಿಂದ ತಿರುಗಿ ನನ್ನ ಬಲತೋಳನ್ನು ಇನ್ನೊಂದು ದಿಮ್ಮಿಗೆ ಒತ್ತಿ ಹಿಡಿಯಿತು. ತೋಳಿನ ಮೂಳೆ ಲಟಕ್ಕೆಂದದ್ದು ನನಗೇ ಕೇಳಿಸಿತು.

ಜನ ಬಂದು ದಿಮ್ಮಿ ಸರಿಸಿದರು. ಅಣ್ಣನಿಗೆ ಎಚ್ಚರವಿತ್ತು. ಅಂಗಾತ ಮಲಗಿಸಿದ ಮೇಲೆ ಅವನು ನನ್ನನ್ನು ನೋಡಿ, "ಕಾಲು ಮಡಿಚ್ಕಂಡದೆ ಕಣ್ಲಾ ಕೆಂಪ, ವಸಿ ನೀಡಿಸ್ಲಾ" ಅಂದ.

ಅವನ ಎರಡು ಕಾಲೂ ನೀಟಾಗಿ ಚಾಚಿಕೊಂಡಿದ್ದವು.

"ನೀಡ್ಕಂಡೇ ಅದೆ ಅಣ್ಣ."

"ಸುಳ್ಳಾಡ್ಬೇಡ. ಕುಕ್ಕುರುಗಾಲಲ್ಲೇ ಇವ್ನಿ ನಾನು" ಅಂದ. ತಲೆ ಎತ್ತಿಸಿ ತೋರಿಸಿದೆವು. ತನ್ನ ಕಾಲನ್ನು ತಾನೇ ನೋಡಿದ.

ಅತ್ತಿಕುಪ್ಪೆ ಕಡೆಯ ಮೂಳೆ ಕಟ್ಟುವ ಮುದುಕನೊಬ್ಬ ಪೇಟೆಯಲ್ಲೇ ಇದ್ದ. ನನ್ನ ತೋಳನ್ನು ಎಳೆದು ಕೂಡಿಸಿ, ಮೊಟ್ಟೆಯ ಬಿಳಿ, ಉದ್ದಿನ ಹಿಟ್ಟು ಮೆತ್ತಿ, ಬಿದಿರ ದಬ್ಬೆಯಲ್ಲಿ ಬಿಗಿದ. ಅಣ್ಣನ ಬೆನ್ನಿನ ಮೇಲೆ ಮೇಲಿಂದ ಕೆಳಕ್ಕೆ ಬೆರಳಾಡಿಸಿ ಒಂದು ಕಡೆ ನಿಲ್ಲಿಸಿದ. ಅಲ್ಲಿ ಬೆನ್ನಿನ ಮಣಿಗಳ ನಡುವೆ ಮೆಟ್ಟಿಲಿನಂತೆ ತಗ್ಗಾಗಿತ್ತು. "ಮಣಿ ಜಾರ್ಬುಟ್ಟದೆ. ಹಲಗೆ ಮೇಲೆ ಮಲಗ್ಸಿ, ಲಕ್ಕಿಸೊಪ್ಪಿನ ಅಬೆ ಕೊಡ್ತಾ ಇರಿ" ಅಂದು ಎದ್ದುಹೋದ. ಮತ್ತೆ ಬಂದಾಗಲೆಲ್ಲ ನನ್ನ ತೋಳನ್ನು ಮಾತ್ರ ನೋಡುತ್ತಿದ್ದ.

ಅಣ್ಣನಿಗೆ ಹೊಕ್ಕುಳದ ಮೇಲೆ ಎಲ್ಲ ಸರಿಯಿತ್ತು. ಸೊಳ್ಳೆ ಕೂತರೂ ತಿಳಿಯುತ್ತಿತ್ತು. ಹೊಕ್ಕುಳದ ಸುತ್ತ ಹಗ್ಗ ಬಿಗಿದಂತೆ ನೋವು. ಅದರ ಕೆಳಗೆ ಏನೂ ಇಲ್ಲ. ಚಿವುಟಿದರೆ ಇಲ್ಲ, ತಣ್ಣೀರು ಸುರಿದರೆ ಇಲ್ಲ. ಮೂತ್ರ ಕಟ್ಟಿ ಹೊಟ್ಟೆ ಉಬ್ಬಿದಾಗ ಅತ್ತಿಗೆ ಅಂಗೈಯಿಂದ ಮೆಲ್ಲಗೆ ಒತ್ತಿ ಹೊರಗೆ ಹಾಕಿಸುತ್ತಿದ್ದಳು. ಕಾಲು ಒದ್ದೆ ಬಟ್ಟೆಯಂತೆ ಎತ್ತಿದಲ್ಲಿ ಎತ್ತಿಸಿಕೊಳ್ಳುತ್ತಿತ್ತು, ಬಿಟ್ಟಲ್ಲಿ ಬೀಳುತ್ತಿತ್ತು. ಅಣ್ಣ ಒಂದು ದಿನ ನನಗೆ ಹೇಳಿದ: "ಒಕ್ಕುಳದ ಮ್ಯಾಕೆ ನಾನು. ಕೆಳಗೆ ಯಾರೋ ಮಲಗವ್ನೆ."

ಒಂದೂವರೆ ತಿಂಗಳಿಗೆ ನನ್ನ ದಬ್ಬೆ ಬಿಚ್ಚಿದರು. ಮೂಳೆ ಕೂಡಿತ್ತು. ಆದರೆ ಕೈ ಮಣಿಕಟ್ಟಿನಿಂದ ಕೆಳಗೆ ಜೋತುಬಿದ್ದಿತ್ತು. ಬೆರಳು ಮಡಿಸಬಲ್ಲೆ, ಬಿಡಿಸಲಾರೆ. ಅಂಗೈ ಮೇಲಕ್ಕೆ ಏಳುತ್ತಲೇ ಇರಲಿಲ್ಲ. ಹೆಬ್ಬೆರಳಿನ ಹಿಂಭಾಗದಲ್ಲಿ ಒಂದು ವೀಳ್ಯದೆಲೆಯಷ್ಟು ಜಾಗ ಜೋಮು. ಉಳಿಗೆ ಹೊಡೆಯುವ ಕೊಡತಿ ಹಿಡಿಸಿದರೆ ಜಾರಿ ಕಾಲ ಮೇಲೆ ಬೀಳುತ್ತಿತ್ತು. ಬಡಗಿಗೆ ಬಲಗೈ ಹೋದರೆ ಇನ್ನೇನುಳಿಯಿತು? ಮನೆಯೊಳಗೆ ಕೂರಲಾರೆ, ಬೀದಿಗೆ ಹೋದರೆ ಜನ ಕೈ ನೋಡುತ್ತಾರೆ. ಹೊಳೆಯವರೆಗೆ ಹೋಗುತ್ತಿದ್ದೆ, ತಿರುಗಿ ಬರುತ್ತಿದ್ದೆ, ಮತ್ತೆ ಹೋಗುತ್ತಿದ್ದೆ. ಅಣ್ಣ ಸೂರು ನೋಡುತ್ತಾ ಮಲಗಿರುತ್ತಿದ್ದ. "ಒಂದ್ಕಡೆ ಕುಂತ್ಕಳ್ಲಾ, ನಿನ್ ನೋಡಿ ನಂಗೆ ಸುಸ್ತಾಯ್ತದೆ" ಅನ್ನುತ್ತಿದ್ದ.

ಹಾಗೆ ಕೂತಿದ್ದಾಗಲೇ ಒಂದು ದಿನ, ಮಾಡಲು ಬೇರೇನೂ ಇಲ್ಲದೆ, ಎಡಗೈ ಬೆರಳಿನಿಂದ ಬಲತೋಳನ್ನು ತಟ್ಟುತ್ತಾ ಇದ್ದೆ. ಮೊಣಕೈಗಿಂತ ಮೇಲೆ, ಹೊರಮಗ್ಗುಲಲ್ಲಿ ಒಂದು ಕಡೆ ತಟ್ಟಿದಾಗ ಇರುವೆ ಸಾಲೊಂದು ಸರ್ರನೆ ಇಳಿದು ಆ ಜೋಮು ಹಿಡಿದ ಹೆಬ್ಬೆರಳಿನ ಹಿಂದಕ್ಕೆ ಹೋಯಿತು. ಬೆಚ್ಚಿಬಿದ್ದೆ. ಮತ್ತೆ ತಟ್ಟಿದೆ, ಮತ್ತೆ ಜುಮ್ಮೆಂದಿತು. ಒಂದು ಬೆರಳಿನಷ್ಟು ಕೆಳಗೆ ತಟ್ಟಿದರೆ ಏನೂ ಇಲ್ಲ. ಮರಕ್ಕೆ ಗೆರೆ ಹಾಕುವ ಕಾವಿಯಿಂದ ಆ ಜಾಗದಲ್ಲಿ ಒಂದು ಗೀಟು ಎಳೆದೆ. ಅವತ್ತು ಅಮಾವಾಸ್ಯೆ. ಮುಂದಿನ ಅಮಾವಾಸ್ಯೆಗೆ ಜುಮ್ಮೆನ್ನುವ ಜಾಗ ಹೆಬ್ಬೆರಳಿನ ಅಗಲದಷ್ಟು ಕೆಳಗಿಳಿದಿತ್ತು! ಅಲ್ಲೂ ಒಂದು ಗೀಟು ಎಳೆದೆ. ತೋಳಿನೊಳಗೆ ಏನೋ ತೆವಳಿಕೊಂಡು ಬರುತ್ತಿದೆ ಎಂದು ಮಾತ್ರ ಗೊತ್ತಾಯಿತು. ಯಾರಿಗೂ ಹೇಳಲಿಲ್ಲ.

ಆ ಹೊತ್ತಿಗೆ ಮನೆಯಲ್ಲಿ ಬೇರೊಂದು ಸಂಭ್ರಮ ಶುರುವಾಗಿತ್ತು. ನವರಾತ್ರಿಯ ದಿನಗಳಲ್ಲಿ ಅತ್ತಿಗೆ ಅಣ್ಣನ ಮೇಲೆ ಕಂಬಳಿ ಹೊದಿಸುತ್ತಿದ್ದಳು. ಕಂಬಳಿಯ ಅಂಚು ಅಂಗಾಲಿಗೆ ಸವರಿತು. ಕಾಲ್ಬೆರಳು ಮೇಲಕ್ಕೆ ನಿಗುರಿ, ಪಾದ ತಟಕ್ಕನೆ ಹಿಂದೆ ಸರಿಯಿತು.

"ಅಲ್ಲಾಡ್ತು! ಕೆಂಪ, ನೋಡಿದ್ಯಾ? ಅಲ್ಲಾಡ್ತು!" ಅತ್ತಿಗೆ ಬೀದಿಗೆ ಓಡಿದಳು. ಅಕ್ಕಪಕ್ಕದವರು ಬಂದರು. ಮತ್ತೆ ಅಂಗಾಲು ಸವರಿದಳು, ಮತ್ತೆ ಎಳೆದುಕೊಂಡಿತು. ಹೆಂಗಸರು ದೇವರ ಹೆಸರು ಹೇಳಿ ಕೈಮುಗಿದರು. ಅಣ್ಣ ನಕ್ಕ. ಅವತ್ತೇ ಅತ್ತಿಗೆ ಕರಿಘಟ್ಟದ ದೇವರಿಗೆ ಹರಕೆ ಹೊತ್ತಳು. ಪ್ರತಿ ಶನಿವಾರ ತಾನು ಬೆಟ್ಟ ಹತ್ತುತ್ತೇನೆ, ಕೊನೆಗೊಂದು ಶನಿವಾರ ಗಂಡನೇ ತನ್ನ ಕಾಲಲ್ಲಿ ಹತ್ತಬೇಕು, ಅಲ್ಲಿಯವರೆಗೆ ಈ ಪಟ್ಟಣ ಬಿಟ್ಟು ಕದಲುವುದಿಲ್ಲ ಎಂದು. ಮಾತಿನಂತೆ ನಡೆದುಕೊಂಡಳು. ಕೋಳಿ ಕೂಗುವಾಗ ಹೊರಟು ಹೊಳೆ ದಾಟಿ, ಬೆಟ್ಟ ಹತ್ತಿಳಿದು, ಮಧ್ಯಾಹ್ನಕ್ಕೆ ಪ್ರಸಾದದೊಂದಿಗೆ ಬರುತ್ತಿದ್ದಳು. ಆ ಬಿಸಿಲಲ್ಲಿ ಕೆಂಪಾದ ಮುಖ ನೋಡಿದರೆ ಯಾರಾದರೂ ಅವಳ ಮಾತು ನಂಬಬೇಕು, ಹಾಗಿರುತ್ತಿತ್ತು.

ದೀಪಾವಳಿ ಮುಗಿದ ಎರಡು ದಿನಕ್ಕೆ ಪೇಟೆಯ ಕಟುಕರ ಇಮಾಂ ಸಾಬರು ಮನೆಗೆ ಬಂದರು. ಮಾಂಸ ಕಡಿಯುವ ಮರದ ತುಂಡನ್ನು ಅವರಿಗೆ ಅಣ್ಣನೇ ಮಾಡಿಕೊಡುತ್ತಿದ್ದ. ಮೊದಲು ದಂಡಿನ ಜೊತೆ ತಿರುಗಿದ್ದ ಮುದುಕರು ಅವರು. ಬಾಗಿಲಲ್ಲೇ ಕೂತು ಅಣ್ಣನನ್ನು ಮಾತಾಡಿಸಿದರು. ಅತ್ತಿಗೆ ಉತ್ಸಾಹದಿಂದ, "ನೋಡಿ ಸಾಬ್ರೆ, ಕಾಲು ಬಂದ್ಬುಡ್ತು" ಎಂದು ಅಂಗಾಲು ಸವರಿ ತೋರಿಸಿದಳು. ಮಂಡಿ ಮಡಿಚಿಕೊಂಡು ಕಾಲು ನೆಗೆಯಿತು. ಸಾಬರು ಕಾಲನ್ನು ನೋಡಲಿಲ್ಲ. ಅಣ್ಣನ ಮುಖವನ್ನೇ ನೋಡುತ್ತಿದ್ದರು. "ಅಲ್ಲಾ ಒಳ್ಳೇದು ಮಾಡ್ಲಮ್ಮ" ಅಂದು ಎದ್ದರು.

ಅವರ ಮುಖ ನನಗೆ ಸರಿ ಕಾಣಲಿಲ್ಲ. ಹಿಂದೆಯೇ ಓಡಿದೆ. ಅವರು ನನ್ನನ್ನು ತಮ್ಮ ಅಂಗಡಿಗೆ ಕರೆದುಕೊಂಡು ಹೋದರು. ಅಲ್ಲಿ ಒಂದು ಕುರಿಯ ಬೆನ್ನೆಲುಬನ್ನು ಎದುರಿಗೆ ಇಟ್ಟುಕೊಂಡು, "ನಿಮ್ಮ ಜನ ಇದ್ನೆಲ್ಲ ಮುಟ್ಟಲ್ಲ, ನೋಡಾದ್ರೂ ನೋಡು ಭಾಯಿ" ಎಂದು ಉದ್ದಕ್ಕೆ ಸೀಳಿದರು.

ಮಣಿ ಪೋಣಿಸಿದಂತೆ ಮೂಳೆಗಳು. ಎಲ್ಲ ಮಣಿಗಳ ನಡುವೆ ತೂತು. ಆ ತೂತಿನೊಳಗೆ ತಲೆಯ ಕಡೆಯಿಂದ ಸೊಂಟದವರೆಗೆ ಇಳಿದ ಒಂದು ಬೆಳ್ಳಗಿನ ಹುರಿ. ಪ್ರತಿ ಎರಡು ಮಣಿಗಳ ಸಂದಿಯಿಂದ ಎಡಕ್ಕೊಂದು ಬಲಕ್ಕೊಂದು ಎಳೆ ಹೊರಗೆ ಬಂದಿತ್ತು. ತುದಿಯಲ್ಲಿ ಹುರಿ ಸಣ್ಣಗಾಗಿ ಕುದುರೆ ಬಾಲದಂತೆ ಎಳೆಎಳೆಯಾಗಿತ್ತು.

"ಇದು ಬೆನ್ನುಹುರಿ. ಕಾಲು ಆಡ್ಸು ಅಂತ ತಲೆ ಹೇಳೋದೂ ಇದ್ರೊಳಗೇ ಇಳೀತದೆ. ಕಾಲಿಗೆ ಮುಳ್ಳು ಚುಚ್ತು ಅನ್ನೋದೂ ಇದ್ರೊಳಗೇ ಮ್ಯಾಕೆ ಓಯ್ತದೆ. ಮಣಿ ಜಾರಿದ ಕಡೆ ಇದು ಕತ್ತರಿಸಿದ್ರೆ ಮೇಲಿಂದು ಕೆಳಕ್ಕಿಲ್ಲ, ಕೆಳಗಿಂದು ಮ್ಯಾಕಿಲ್ಲ."

"ಮತ್ತೆ ಕಾಲು ನೆಗೀತದಲ್ಲ ಸಾಬ್ರೆ?"

"ತಲೆ ಹೋದ ಮ್ಯಾಲೂ ಕುರಿ ಕಾಲು ಒದೀತದೆ. ಓಡೋಕಾ ಒದೀತದೆ?" ಅವರು ನನ್ನ ಕಡೆ ನೋಡದೆ ಹೇಳಿದರು. "ದಂಡಲ್ಲಿ ಒಂದು ಕುದುರೆಗೆ ಬೆನ್ನು ಮುರಿದಿತ್ತು. ಹಿಂಗಾಲಿಗೆ ಚುಚ್ಚಿದ್ರೆ ಝಾಡಿಸಿ ಒದೀತಿತ್ತು. ಮುಂದ್ಗಡೆ ಬಾಯಿ ಹುಲ್ಲು ಮೇಯ್ತಾನೇ ಇತ್ತು. ಹುರಿಯ ಕೆಳಗಿನ ತುಂಡಿಗೆ ಅಷ್ಟು ಬುದ್ಧಿ ಅದೆ. ಮುಳ್ಳು ಅಂದ್ರೆ ಕಾಲು ಎಳ್ಕೋ, ಅಷ್ಟೇ. ಯಜಮಾನನಿಗೆ ಸುದ್ದಿ ಮುಟ್ಟಲ್ಲ."

ನಾನು ಜೋತುಬಿದ್ದ ಕೈ ಮುಂದೆ ಮಾಡಿ ಕಾವಿಯ ಗೀಟುಗಳನ್ನು ತೋರಿಸಿದೆ. ಅವರು ಕುರಿಯ ತೊಡೆಯಿಂದ ಒಂದು ನರ ಎಳೆದು ಎರಡೂ ಕೈಯಲ್ಲಿ ಜಗ್ಗಿದರು, ಹರಿಯಲಿಲ್ಲ. ಬೆನ್ನುಹುರಿಯನ್ನು ಬೆರಳಲ್ಲಿ ಒತ್ತಿದರು; ಬೆಣ್ಣೆಯಂತೆ ನಜ್ಜಿಹೋಯಿತು. "ಕೈಯಿನ ನರ ನಾರು ಇದ್ದಂಗೆ. ಜಜ್ಜಿದ್ರೂ ಒರೆ ಉಳ್ಕಂಡಿದ್ರೆ ಅದ್ರೊಳಗೇ ಮತ್ತೆ ಚಿಗುರಿ ಬತ್ತದೆ, ನಿಧಾನ್ವಾಗಿ. ಕೈ ಜೋತುಬಿದ್ದ ಎಷ್ಟೋ ಸಿಪಾಯಿಗಳು ವರ್ಷಕ್ಕೆ ಕತ್ತಿ ಹಿಡಿದದ್ದು ನೋಡಿವ್ನಿ. ನಿನ್ ಕೈ ಬತ್ತದೆ. ಬೆನ್ನು ಮುರಿದೋನು ಎದ್ದಿದ್ದು ಒಬ್ಬನ್ನೂ ನೋಡಿಲ್ಲ. ಮನೇಲಿ ಹೇಳ್ಬುಡು."

ಹೇಳಲಿಲ್ಲ ನಾನು. ಮನೆಗೆ ಹೋದಾಗ ಅತ್ತಿಗೆ ಶನಿವಾರಕ್ಕೆ ಮಡಿ ಬಟ್ಟೆ ಒಗೆದು ಹರವುತ್ತಿದ್ದಳು. ನಾಳೆ ಹೇಳೋಣ ಅಂದುಕೊಂಡೆ. ನಾಳೆಯೂ ಹಾಗೆಯೇ ಆಯಿತು. ಒಂದೇ ದಿಮ್ಮಿ, ಒಂದೇ ಗಳಿಗೆ. ನನ್ನದು ಬರುತ್ತದೆ, ಅವನದು ಬರುವುದಿಲ್ಲ ಎನ್ನುವುದನ್ನು ಯಾವ ಬಾಯಲ್ಲಿ ಹೇಳಲಿ?

ಮಾರ್ಗಶಿರ ಕಳೆಯುವ ಹೊತ್ತಿಗೆ ಪೇಟೆಯಲ್ಲಿ ಗುಸುಗುಸು ಎದ್ದಿತು. ಕಂಪನಿಯ ದಂಡು ಮತ್ತೆ ಬರುತ್ತದಂತೆ. ಏಳು ವರ್ಷದ ಹಿಂದೆ ಬಂದಾಗ ಗಂಜಾಮಿನ ಗತಿ ಏನಾಗಿತ್ತೆಂದು ಎಲ್ಲರಿಗೂ ನೆನಪಿತ್ತು. ಒಬ್ಬೊಬ್ಬರೇ ಗಂಟು ಕಟ್ಟತೊಡಗಿದರು. ಎಡಗಡೆ ಮನೆ ಖಾಲಿಯಾಯಿತು, ಆಮೇಲೆ ಎದುರು ಮನೆ. "ನಾವೂ ಊರಿಗೆ ಓಗೋಣ ಅತ್ಗೆ" ಅಂದೆ. "ಅವರು ಬೆಟ್ಟ ಹತ್ಲಿ, ಆಮ್ಯಾಕೆ" ಅಂದಳು. ಪುಷ್ಯದಲ್ಲಿ ಒಂದು ಬೆಳಿಗ್ಗೆ ಹಿತ್ತಿಲಲ್ಲಿ ಮುಖ ತೊಳೆಯುತ್ತಿದ್ದೆ. ನೀರು ಬೊಗಸೆಯಲ್ಲಿ ನಿಂತಿತು. ಅಂಗೈ ಎರಡು ಬೆರಳಿನಷ್ಟು ಮೇಲಕ್ಕೆ ಎದ್ದಿತ್ತು. ಖುಷಿಗೆ ಕೂಗಬೇಕೆನಿಸಿತು. ಬಾಯಿ ಮುಚ್ಚಿಕೊಂಡು, ಕೈಯನ್ನು ಮತ್ತೆ ಜೋತುಹಾಕಿಕೊಂಡೇ ಒಳಗೆ ಹೋದೆ.

ಮಾಘದ ಚಳಿಯಲ್ಲಿ ಅಣ್ಣನ ಕಾಲು ಮಂಜಿನಂತೆ ತಣ್ಣಗಿರುತ್ತಿತ್ತು. ಅತ್ತಿಗೆ ಬಾಣಲೆಯಲ್ಲಿ ಮರಳು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ ಕಾವು ಕೊಡುತ್ತಿದ್ದಳು. ಅವತ್ತು ಬೆಳಿಗ್ಗೆ ಅಣ್ಣ ಉಲ್ಲಾಸವಾಗಿದ್ದ. ತಾನು ಮಾಡಿದ ಮೊದಲ ಗಾಲಿಯ ಕತೆ ಹೇಳುತ್ತಿದ್ದ.

"ಅಪ್ಪ ನೋಡ್ತು. ಒಂದ್ ಸುತ್ತು ಉರುಳ್ಸ್ತು. ಮಾತೇ ಆಡ್ನಿಲ್ಲ. ಎತ್ಕಂಡೋಗಿ ಸೀದಾ ಕೆರೆಗೆ…"

ಆಗ ಅತ್ತಿಗೆ ಗಂಟನ್ನು ಹಿಮ್ಮಡಿಗೆ ಒತ್ತಿದಳು. ಕಾಲು ಝಾಡಿಸಿ ಹಿಂದಕ್ಕೆ ಸರಿಯಿತು, ಮಂಡಿ ಎದ್ದು ನಿಂತಿತು.

"…ಎಸೆದ್ಬುಡ್ತು. ನಾನು ಕೆರೆಗಿಳಿದು ಎತ್ಕಂಡ್ ಬಂದೆ. ತಿರ್ಗ ಎಸೀತು. ಮೂರ್ನೇ ಸಲ…"

ಚರ್ಮ ಸುಟ್ಟ ವಾಸನೆ ನನಗೂ ಬಂತು. ಅತ್ತಿಗೆ ಹಿಮ್ಮಡಿ ನೋಡಿದಳು, ಬೊಬ್ಬೆ ಏಳುತ್ತಿತ್ತು. ತಲೆಯೆತ್ತಿ ಅಣ್ಣನ ಮುಖ ನೋಡಿದಳು. ಅವನು ನಗುತ್ತಾ ಕೆರೆಯ ಕತೆಯಲ್ಲೇ ಇದ್ದ.

"ಯಾಕೆ ಅಂಗ್ ನೋಡ್ತಿದ್ದೀಯೆ?" ಅಂದ.

"ನಿಮ್ಗೆ ಗೊತ್ತಾಗ್ನಿಲ್ವಾ?"

"ಏನು?"

ಅಣ್ಣ ಕತ್ತು ಎತ್ತಿ ಮಡಿಚಿದ್ದ ಮಂಡಿಯನ್ನೂ ಅವಳ ಕೈಯಲ್ಲಿದ್ದ ಗಂಟನ್ನೂ ನೋಡಿದ. ನಗು ಹೋಯಿತು.

"ನಂಜಿ, ಕಾಲು ಅಲ್ಲಾಡ್ತದೆ. ನಾನು ಅಲ್ಲಾಡಿಸ್ತಿಲ್ಲ ಕಣೆ."

"ಯಾವಾಗಿಂದ ಗೊತ್ತು ನಿಮ್ಗೆ?"

"ಮೊದಲ್ನೇ ದಿನದಿಂದ."

"ಮತ್ಯಾಕೆ ನಂಗೆ ಹೇಳ್ನಿಲ್ಲ?"

"ನೀನು ಬೆಟ್ಟ ಇಳ್ಕಂಡ್ ಬಂದಾಗ ನಿನ್ ಮುಖ ನೋಡ್ತಿದ್ನಲ್ಲ" ಅಂದ ಅಣ್ಣ. "ವಾರಕ್ಕೊಂದಿನ ಅದು ನೋಡೋಕ್ ಸಿಗ್ತಿತ್ತು."

ಅತ್ತಿಗೆ ನನ್ನ ಕಡೆ ತಿರುಗಿದಳು. "ನಿನಗೂ ಗೊತ್ತಿತ್ತಾ ಕೆಂಪ?"

"ಹೂಂ. ಇಮಾಂ ಸಾಬ್ರು ಹೇಳಿದ್ರು."

"ಎಂದಿಂದ?"

"ದೀಪಾವಳಿಯಿಂದ."

"ಅಂಗಾದ್ರೆ ಗಂಡಸ್ರು ಇಬ್ರೂ ಸೇರ್ಕಂಡು ನನ್ನೊಬ್ಬಳ್ನೇ ಬೆಟ್ಟ ಹತ್ತಿಸಿದ್ರಿ" ಅಂದಳು. ಮರಳಿನ ಗಂಟನ್ನು ಒಲೆಯ ಬದಿಗೆ ಇಟ್ಟು, ಸೆರಗು ಸಿಕ್ಕಿಸಿಕೊಂಡು ಹೊರಟುಹೋದಳು. ಹೊಳೆಗೆ ಹೋಗಿರಬಹುದೆಂದು ನಾನು ಹಿಂದೆ ಓಡಿದೆ. ಹೊಳೆಯ ಕಡೆ ಅವಳಿರಲಿಲ್ಲ. ಅರಳಿಕಟ್ಟೆ, ಬಾವಿಕಟ್ಟೆ, ಖಾಲಿ ಮನೆಗಳ ಜಗುಲಿ ಎಲ್ಲಾ ಹುಡುಕಿ, ಉಸಿರು ಕಟ್ಟಿ ಮನೆಗೆ ಬಂದರೆ ಅವಳಾಗಲೇ ಬಂದಿದ್ದಳು. ಅಣ್ಣನನ್ನು ಮಗ್ಗುಲಿಗೆ ತಿರುಗಿಸಿ ಬೆನ್ನಿಗೆ ಹರಳೆಣ್ಣೆ ಸವರುತ್ತಿದ್ದಳು. ಬೆನ್ನಿನ ಕೆಳಗೆ, ನಾವ್ಯಾರೂ ನೋಡಿರದಿದ್ದ ಕಡೆ, ಒಂದು ಅಂಗೈಯಷ್ಟು ಜಾಗ ಕೆಂಪಗೆ ಕಂದಿತ್ತು.

"ಸಾಬ್ರ ಅಂಗಡಿಗೆ ಓಗಿದ್ದೆ" ಅಂದಳು. "ಸರಿ ಆಗಕಿಲ್ಲ ಅನ್ನೋದು ಕೇಳ್ಕಂಡ್ ಬಂದೆಯಲ್ಲಾ, ಅಂಗಾದ್ರೆ ಏನ್ ಮಾಡ್ಬೇಕು ಅಂತ ಯಾಕ್ ಕೇಳ್ನಿಲ್ಲ? ಬೆನ್ನು ಮುರಿದೋರು ಬೆನ್ನಿಂದ ಸಾಯಲ್ವಂತೆ. ಮಲಗಿದ್ ಕಡೆ ಹುಣ್ಣಾಗಿ ಸಾಯ್ತಾರಂತೆ. ಒತ್ತೋದು ಗೊತ್ತಾಗಲ್ಲ, ಅದ್ಕೆ ಹೊರಳಲ್ಲ. ಯಾಮಕ್ಕೊಂದ್ ಸಲ ನಾವೇ ತಿರುಗಿಸ್ಬೇಕು."

ಅಲ್ಲಿಗೆ ನನ್ನೊಂದಿಗೆ ಅವಳ ಮಾತು ನಿಂತಿತು. ಆಮೇಲೆ ಸುಮಾರು ಮೂರು ತಿಂಗಳು ಬೇಕಾದದ್ದಕ್ಕೆ ಕೈಸನ್ನೆ ಮಾಡುತ್ತಿದ್ದಳೇ ಹೊರತು ನನ್ನ ಹೆಸರು ಹಿಡಿದು ಕರೆಯಲಿಲ್ಲ. ಆದರೆ ಯಾಮಕ್ಕೊಂದು ಸಲ, ಹಗಲು ರಾತ್ರಿ ಸೇರಿ ಎಂಟು ಸಲ, ಅಣ್ಣನನ್ನು ತಿರುಗಿಸುವುದು ಅವಳೊಬ್ಬಳಿಂದ ಆಗುತ್ತಿರಲಿಲ್ಲ. ಅವಳು ಹೆಗಲು ಹಿಡಿದರೆ ನಾನು ಕಾಲು ಹಿಡಿಯಬೇಕು. ಹೊಟ್ಟೆಯ ಕೆಳಗೆ ಬೆರಳಲ್ಲಿ ತಟ್ಟಿದರೆ ಮೂತ್ರ ತಾನಾಗಿ ಬರುತ್ತದೆ ಎನ್ನುವುದನ್ನೂ ಅವಳೇ ಆ ದಿನಗಳಲ್ಲಿ ಕಂಡುಕೊಂಡಳು. ಕಾಲು ನೆಗೆಯುವುದೂ ಇದೂ ಒಂದೇ ಲೆಕ್ಕ ಎಂದು ಅವಳಿಗೆ ಹೊಳೆದಿರಬೇಕು. ಆಮೇಲೆ ಅವಳು ಬೆಟ್ಟಕ್ಕೆ ಹೋಗಲಿಲ್ಲ. ಊರಿಗೆ ಹೊರಡುವ ಸಿದ್ಧತೆಗೆ ನಿಂತಳು.

ಅಣ್ಣನನ್ನು ಗಾಡಿಯಲ್ಲಿ ಹಾಕಿದರೆ ಕುಲುಕಾಟಕ್ಕೇ ಮೈ ಹುಣ್ಣಾಗುತ್ತದೆ. ಅಣ್ಣನೇ ಉಪಾಯ ಹೇಳಿದ. ಗಾಡಿಯ ನಾಲ್ಕು ಮೂಲೆಗೆ ಗೂಟ ನಿಲ್ಲಿಸಿ, ಚರ್ಮದ ಪಟ್ಟಿಯಲ್ಲಿ ಹಗ್ಗದ ಮಂಚವನ್ನು ತೊಟ್ಟಿಲಿನಂತೆ ತೂಗುಹಾಕಬೇಕು. ಸೊಂಟದ ಕೆಳಗೆ ಬೂರುಗದ ಅರಳೆ ತುಂಬಿದ ದಿಂಬು. ಅವನು ಮಲಗಿದಲ್ಲೇ ಅಳತೆ ಹೇಳುತ್ತಿದ್ದ. ಅತ್ತಿಗೆ ತೂತು ಕೊರೆಯಲು ಬೈರಿಗೆ ಎಳೆಯುತ್ತಿದ್ದಳು. ನಾನು ಎಡಗೈಯಲ್ಲಿ ಕೆತ್ತುತ್ತಿದ್ದೆ. ಎರಡನೆಯ ದಿನ ಕೆಲಸದ ಭರದಲ್ಲಿ ಮರೆತು ಉಳಿಯನ್ನು ಬಲಗೈಗೆ ತೆಗೆದುಕೊಂಡೆ.

"ಎಷ್ಟ್ ದಿನದಿಂದ ಎತ್ತುತ್ತಾ ಅದೆ?" ಅಂದ ಅಣ್ಣ.

ಉಳಿಯನ್ನು ಕೆಳಗಿಟ್ಟೆ. "ಒಂದ್ ತಿಂಗ್ಳಿಂದ."

"ನನ್ ಮುಂದೆ ಜೋತಾಕ್ಕಂಡ್ ಓಡಾಡ್ತಿದ್ಯಾ? ಥೂ ನಿನ್ನ. ಈ ಮನೇಲಿ ಮುಚ್ಚಿಡೋದು ಸಾಕು ಕಣ್ಲಾ. ಎತ್ತು, ನೋಡ್ತೀನಿ."

ಎತ್ತಿದೆ. ಅವನು ತನ್ನ ಎರಡೂ ಕೈಯಿಂದ ನನ್ನ ಕೈ ಹಿಡಿದು, ಮಣಿಕಟ್ಟು ತಿರುಗಿಸಿ, ಮರ ಪರೀಕ್ಷಿಸುವಂತೆ ನೋಡಿದ. ಕಾವಿಯ ಗೀಟುಗಳನ್ನು ಎಣಿಸಿದ. "ಬೆರಳು ಇನ್ನೂ ಬಂದಿಲ್ಲ. ಬತ್ತದೆ. ಅಲ್ಲೀಗಂಟ ಕೊಡತಿ ಸಣ್ಣದು ಇಟ್ಕೊ" ಅಂದ. ಉಳಿಯನ್ನು ಮತ್ತೆ ಬಲಗೈಗೇ ತೆಗೆದುಕೊಂಡೆ.

ಅತ್ತಿಗೆ ಬೂಕನಕೆರೆಯ ತವರಿನಿಂದ ಒಂದು ಜೊತೆ ಮುದಿ ಎತ್ತು ತರಿಸಿದಳು. ಬಲವಾದ ಎತ್ತು ಕಂಡರೆ ದಂಡಿಗೆ ಹಿಡಿದುಕೊಂಡು ಹೋಗುತ್ತಿದ್ದ ಕಾಲ. ಫಾಲ್ಗುಣದಲ್ಲಿ ನೀರು ಇಳಿದಿದ್ದ ಕಡೆ ಹೊಳೆ ದಾಟಿದೆವು. ದಾರಿಯುದ್ದಕ್ಕೂ ಜನ. ತಲೆಯ ಮೇಲೆ ಒಳಕಲ್ಲು ಹೊತ್ತವರು, ಕೋಳಿ ಕಂಕುಳಲ್ಲಿ ಇರುಕಿದವರು. ಪೂರ್ವದ ಕಡೆ ಹೊಗೆ ಕಾಣುತ್ತಿತ್ತು. ಬರುವ ದಂಡಿಗೆ ಮೇವು ಸಿಗಬಾರದೆಂದು ಬಣವೆ ಸುಡುತ್ತಿದ್ದಾರೆ ಅಂದರು. ಯಾರ ದಂಡು, ಯಾವ ಕಡೆಯಿಂದ ಎಂದು ಒಬ್ಬೊಬ್ಬರದು ಒಂದೊಂದು ಮಾತು. ನನಗೆ ಎತ್ತಿನ ಬಾಲ ತಿರುಚಿ ಓಡಿಸಿಬಿಡಬೇಕೆಂಬ ತವಕ.

ಹಿರೋಡೆಯ ಬಳಿ, ಫರಂಗಿ ಸಿಪಾಯಿಗಳು ಇರುತ್ತಿದ್ದ ಜೋಡುಗುಡ್ಡದ ಕೆಳಗೆ, ದಾರಿ ಇಕ್ಕಟ್ಟಾಗಿತ್ತು. ಹಿಂದೆ ಇಪ್ಪತ್ತು ಗಾಡಿ. ಸೂರ್ಯ ನೆತ್ತಿಗೆ ಬಂದಿದ್ದ. ಅತ್ತಿಗೆ ನೆರಳು ನೋಡಿ ಗಾಡಿ ನಿಲ್ಲಿಸಲು ಸನ್ನೆ ಮಾಡಿದಳು.

"ಇಲ್ಲಿ ಬ್ಯಾಡ ಅತ್ಗೆ, ವಸಿ ಮುಂದಕ್ಕೋಗಿ…" ಅಂದೆ. ಅವಳು ಇಳಿದೇಬಿಟ್ಟಳು.

ಹಿಂದಿನವರು ಕೂಗಾಡಿದರು. "ಗಾಡಿ ತೆಗೀರಮ್ಮೋ! ದಂಡು ಬತ್ತಾ ಅದೆ!"

"ದಂಡು ಬರ್ಲಿ" ಅಂದಳು ಅತ್ತಿಗೆ, ತಿರುಗಿಯೂ ನೋಡದೆ. "ಇವರು ತಿರುಗಿದ್ ಮ್ಯಾಲೆ ಗಾಡಿ ಹೊರಡ್ತದೆ."

ನಾನು ಕಾಲು ಹಿಡಿದೆ. ಅವಳು ಹೆಗಲು ಹಿಡಿದಳು. ಎಡಮಗ್ಗುಲಿಂದ ಬಲಮಗ್ಗುಲಿಗೆ. ಬೈಯುತ್ತಿದ್ದ ಗಾಡಿಯವನೊಬ್ಬ ಹತ್ತಿರ ಬಂದು ನೋಡಿ, ನಮ್ಮ ಎತ್ತಿನ ಹಗ್ಗ ಹಿಡಿದು ನಿಂತ.

ಜಕ್ಕನಹಳ್ಳಿಯ ಮೇಲೆ ಮೂರನೆಯ ದಿನ ನಾಗಮಂಗಲ ಮುಟ್ಟಿದೆವು. ಅಪ್ಪ ತೀರಿಕೊಂಡ ಮೇಲೆ ಮುಚ್ಚಿದ್ದ ಮನೆಯ ಬಾಗಿಲು ತೆಗೆದು, ಬೆಳಕು ಬೀಳುವ ನಡುಮನೆಯಲ್ಲಿ ಅಣ್ಣನ ಮಂಚ ಹಾಕಿದೆವು. ಸಿದ್ಧಾರ್ಥಿ ಸಂವತ್ಸರದ ಯುಗಾದಿ ಬಂತು, ಹೋಯಿತು. ನನ್ನ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಹೆಬ್ಬೆರಳು ಮಾತ್ರ ಒಳಕ್ಕೇ ಮಡಿಚಿಕೊಂಡಿತ್ತು. ವೈಶಾಖದ ಒಂದು ಮಧ್ಯಾಹ್ನ ಅಣ್ಣನ ಮಂಚದ ಪಕ್ಕ ಕೂತು ಗಾಲಿಯ ಅರೆಕಡ್ಡಿ ಕೆತ್ತುತ್ತಿದ್ದಾಗ ಬೀದಿಯಲ್ಲಿ ಗದ್ದಲವೆದ್ದಿತು. ಕುದುರೆ ಸವಾರನೊಬ್ಬ ಸುದ್ದಿ ತಂದಿದ್ದ: ಕೋಟೆ ಒಡೆಯಿತು, ಪಟ್ಟಣ ಹೋಯಿತು, ದೊರೆ ಉಳಿಯಲಿಲ್ಲ. ಹೆಂಗಸರು ಅಳುವುದು, ಬಾಗಿಲು ಹಾಕುವ ಸದ್ದು, ಯಾರೋ ಯಾರನ್ನೋ ಕೂಗುವುದು ಕೇಳುತ್ತಿತ್ತು. ನಾನು ಉಳಿ ಬಿಟ್ಟು ಎದ್ದೆ.

"ಕೆಂಪ" ಅಂದಳು ಅತ್ತಿಗೆ.

ಅಷ್ಟು ತಿಂಗಳ ಮೇಲೆ ಅವಳ ಬಾಯಲ್ಲಿ ನನ್ನ ಹೆಸರು. ತಿರುಗಿ ನೋಡಿದೆ. ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. ಉಳಿ ಬಿಟ್ಟ ಕೈ ಬಿಚ್ಚಿಕೊಂಡಿತ್ತು. ಹೆಬ್ಬೆರಳು ಉಳಿದ ಬೆರಳುಗಳಿಂದ ದೂರ ಸರಿದು ನೆಟ್ಟಗೆ ನಿಂತಿತ್ತು. ಬೀದಿಯಲ್ಲಿ ಜನ ಓಡುತ್ತಿದ್ದರು. ನಾವು ಮೂವರು ಆ ಹೆಬ್ಬೆರಳನ್ನು ನೋಡುತ್ತಾ ಇದ್ದುಬಿಟ್ಟೆವು.

"ಇನ್ನ ಊಟ ನಿನ್ ಕೈಲೇ ಕಲಸ್ಕಂಡ್ ತಿನ್ನು" ಅಂದಳು ಅತ್ತಿಗೆ. ಅಣ್ಣ ಗಟ್ಟಿಯಾಗಿ ನಕ್ಕ.

ಆಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಅಣ್ಣ ಬದುಕಿದ. ಒರಗು ಹಲಗೆಗೆ ಕಟ್ಟಿ ಕೂರಿಸಿದರೆ ದಿನಕ್ಕೆ ನಾಲ್ಕಾರು ಗಳಿಗೆ ಕೂರುತ್ತಿದ್ದ. ಮಡಿಲಲ್ಲಿ ಇಟ್ಟುಕೊಂಡು ಅರೆ ಕೆತ್ತುವುದು, ಅರೆಗಳು ಬಂದು ಸೇರುವ ಗುಂಬಕ್ಕೆ ಅಳತೆ ಹಾಕುವುದು ಮಾಡುತ್ತಿದ್ದ. ಸುತ್ತಿನ ಹಳ್ಳಿಯವರು ಗಾಡಿ ದುರಸ್ತಿಗೆ ಅವನನ್ನೇ ಕೇಳಿಕೊಂಡು ಬರುತ್ತಿದ್ದರು. ರೌದ್ರಿ ಸಂವತ್ಸರದ ಭಾದ್ರಪದದಲ್ಲಿ ಮೂತ್ರ ಕೆಟ್ಟು ಜ್ವರ ಹತ್ತಿತು. ಐದು ದಿನ ಚಳಿ, ನಡುಕ. ಆರನೆಯ ದಿನ ಬೆಳಗಿನ ಜಾವ ಹೋದ.

ಬೂಕನಕೆರೆಯಿಂದ ಅತ್ತಿಗೆಯ ಕಡೆಯವರು ಬರಬೇಕಿತ್ತು. ಅವರಿಗೆ ಕಾಯುತ್ತಾ ಅಣ್ಣನನ್ನು ನಡುಮನೆಯಲ್ಲಿ ಮಲಗಿಸಿದ್ದೆವು. ಮೈ ತೊಳೆದ ಹೆಂಗಸರಲ್ಲಿ ವಯಸ್ಸಾದವಳೊಬ್ಬಳು ಹೊರಗೆ ಬಂದು, "ಎರಡು ವರ್ಷ ಮಲಗಿದ್ದ ಮೈಯೇನಮ್ಮಾ ಇದು? ಬೆನ್ನಲ್ಲಿ ಒಂದು ಗೀರಿಲ್ಲ!" ಅಂದಳು. ಅತ್ತಿಗೆ ಗೋಡೆಗೆ ಒರಗಿ ಕೂತಿದ್ದಳು. ಕೇಳಿಸಿತೋ ಇಲ್ಲವೋ.

ಬಿಸಿಲು ಏರಿ ಬಾಗಿಲ ನೆರಳು ಹೊಸ್ತಿಲಿಗೆ ಬಂತು. ಅತ್ತಿಗೆ ಎದ್ದಳು. ನೇರವಾಗಿ ಅಣ್ಣನ ತಲೆಯ ಕಡೆ ಹೋಗಿ ಬಾಗಿ ಹೆಗಲಿಗೆ ಕೈ ಹಾಕಿ, ನನ್ನ ಕಡೆ ನೋಡಿದಳು.

"ಕೆಂಪ, ಯಾಮ ಆಯ್ತು."

ಕೂತಿದ್ದವರಲ್ಲಿ ಯಾರೋ ಅವಳನ್ನು ತಡೆಯಲು ಎದ್ದರು. ನಾನು ಬೇಡವೆಂದು ಕೈ ಮಾಡಿದೆ. ಹೋಗಿ ಕಾಲು ಹಿಡಿದೆ. ಇಬ್ಬರೂ ಸೇರಿ ಅಣ್ಣನನ್ನು ಎಡಮಗ್ಗುಲಿಗೆ ತಿರುಗಿಸಿದೆವು.